ಹರೆಯವನ್ನು ಓದಿದ ಸ್ಟ್ಯಾನ್ಲಿ ಹಾಲ್

ಕಾರಣವಿಲ್ಲದೆ ಬರುವ ಸಿಟ್ಟು, ಸಣ್ಣ ಮಾತಿಗೂ ಅಳು, ಮನೆಯವರ ಜೊತೆ ಜಗಳ, ಅಪಾಯದ ಕಡೆಗೆ ಸೆಳೆತ. ನಮ್ಮ ವಯಸ್ಸಿನ ಈ ಗುಣಗಳನ್ನು ಕೆಟ್ಟ ನಡತೆ ಎಂದು ಬೈದು ಬಿಡದೆ, ಅವುಗಳ ಬಗ್ಗೆ ದೊಡ್ಡ ಅಧ್ಯಯನ ಮಾಡಿದ ಮೊದಲಿಗರಲ್ಲಿ ಅಮೆರಿಕದ ಮನೋವಿಜ್ಞಾನಿ ಸ್ಟ್ಯಾನ್ಲಿ ಹಾಲ್ ಒಬ್ಬರು.

ಅವರು 1840ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಆಶ್‌ಫೀಲ್ಡ್ ಎಂಬ ಹಳ್ಳಿಯಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. 14ನೇ ವಯಸ್ಸಿನಲ್ಲಿ ಒಂದು ದಿನ ಹತ್ತಿರದ ಬೆಟ್ಟ ಹತ್ತಿ, ಹೊಲ ಬಿಟ್ಟು ಹೋಗಿ ಏನಾದರೂ ಸಾಧಿಸಿಯೇ ತೀರಬೇಕೆಂದು ಒಬ್ಬರೇ ಶಪಥ ಮಾಡಿದರು. ಹರೆಯ ಎಂದರೇನು ಎಂಬುದು ಅವರಿಗೆ ಮೊದಲು ತಿಳಿದದ್ದು ಅಲ್ಲೇ ಇರಬೇಕು ಎಂದು ನನಗನಿಸುತ್ತದೆ. ಮೊದಲು ಪಾದ್ರಿಯಾಗಲು ಓದಿದರು. ಆಮೇಲೆ ಮನಸ್ಸು ಮನೋವಿಜ್ಞಾನದ ಕಡೆ ತಿರುಗಿ, 1878ರಲ್ಲಿ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದರು. ಮುಂದೆ ಕ್ಲಾರ್ಕ್ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷರಾದರು.

1890ರಲ್ಲಿ ಮನೆಯಲ್ಲಿ ಗ್ಯಾಸ್ ಸೋರಿ ಅವರ ಹೆಂಡತಿ ಮತ್ತು ಪುಟ್ಟ ಮಗಳು ತೀರಿಕೊಂಡರು. ಉಳಿದದ್ದು ಮಗ ಮಾತ್ರ. ಅಂಥ ದುಃಖದಲ್ಲೂ ಅವರು ಕೆಲಸ ನಿಲ್ಲಿಸಲಿಲ್ಲ.

1904ರಲ್ಲಿ ಹರೆಯದ ಬಗ್ಗೆ ಎರಡು ಸಂಪುಟಗಳ ದೊಡ್ಡ ಗ್ರಂಥ ಹೊರತಂದರು. 14ರಿಂದ 24ರವರೆಗಿನ ಕಾಲವನ್ನು ಬಿರುಗಾಳಿಯ ಕಾಲ ಎಂದು ಕಂಡರು. ಆಗ ಮೆದುಳಿನ ಒಳಗೆ ನೋಡುವ ಸ್ಕ್ಯಾನ್ ಯಂತ್ರಗಳಿರಲಿಲ್ಲ. ಭಾವನೆಗೆ ಸಂಬಂಧಿಸಿದ ಭಾಗಗಳು ಹರೆಯದಲ್ಲಿ ಬೇಗ ಚುರುಕಾಗುತ್ತವೆ, ಯೋಚಿಸಿ ತಡೆಯುವ ಹಣೆಯ ಹಿಂದಿನ ಭಾಗ ಸುಮಾರು 25ರವರೆಗೂ ಬಲಿಯುತ್ತಲೇ ಇರುತ್ತದೆ ಎಂದು ಈಗಿನ ವಿಜ್ಞಾನ ಹೇಳುತ್ತದೆ. ಹಾಲ್ ಹಾಕಿದ ವಯಸ್ಸಿನ ಲೆಕ್ಕ ಇದಕ್ಕೆ ಎಷ್ಟು ಹತ್ತಿರವಿದೆ ನೋಡಿ!

ಆದರೆ ಅವರು ಹೇಳಿದ್ದೆಲ್ಲ ಸರಿಯಲ್ಲ. ಬಿರುಗಾಳಿ ಎಲ್ಲರಿಗೂ ಬರುವುದಿಲ್ಲ, ಬೆಳೆದ ಸಮಾಜವೂ ಅದಕ್ಕೆ ಕಾರಣ ಎಂದು 1928ರಲ್ಲಿ ಮಾರ್ಗರೆಟ್ ಮೀಡ್ ಸಮೋವಾ ದ್ವೀಪಗಳ ಹುಡುಗಿಯರ ಬಗ್ಗೆ ಬರೆದು ವಾದಿಸಿದರು. ಹೆಚ್ಚು ಓದಿದರೆ ಹುಡುಗಿಯರ ಆರೋಗ್ಯ ಕೆಡುತ್ತದೆ ಎಂದೂ ಹಾಲ್ ನಂಬಿದ್ದರು. ಹರೆಯದಲ್ಲಿ ಹುಡುಗ ಹುಡುಗಿಯರು ಒಟ್ಟಿಗೆ ಕಲಿಯುವುದನ್ನು ವಿರೋಧಿಸಿದರು. ನಮ್ಮ ಅಕೌಂಟೆನ್ಸಿ ತರಗತಿಯ ಹುಡುಗಿಯರ ಅಂಕಪಟ್ಟಿ ನೋಡಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ಮನಸ್ಸುಗಳ ಬಗ್ಗೆ ಅಷ್ಟು ತಿಳಿದವರು ಅರ್ಧದಷ್ಟು ಮಕ್ಕಳನ್ನು ಹೀಗೆ ಅಳೆದದ್ದು ನನಗೆ ಬೇಸರ ತರಿಸಿತು.

ತಾವು ಮುದುಕರಾದ ಮೇಲೆ ಹಾಲ್ ಮುಪ್ಪಿನ ಬಗ್ಗೆಯೂ ಒಂದು ದಪ್ಪ ಪುಸ್ತಕ ಬರೆದು 1922ರಲ್ಲಿ ಪ್ರಕಟಿಸಿದರು. ಎರಡು ವರ್ಷದ ನಂತರ ತೀರಿಕೊಂಡರು.