ಕರ್ಮವೀರ ಭಾವುರಾವ ಪಾಟೀಲರು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ಚತುರ್ವಿಧ ದಾನಗಳನ್ನು ಶ್ರಾವಕಧರ್ಮವು ವಿಧಿಸಿದೆ. ಇವುಗಳಲ್ಲಿ ಅನ್ನವನ್ನೂ ಅಕ್ಷರವನ್ನೂ ಒಂದೇ ಸೂರಿನಡಿ ಬಡಮಕ್ಕಳಿಗೆ ದೊರಕಿಸಿಕೊಟ್ಟ ಮಹನೀಯರು ಕರ್ಮವೀರ ಭಾವುರಾವ ಪಾಟೀಲರು.

ಬಾಹುಬಲಿ ಕ್ಷೇತ್ರದ ನೆರೆಯ ಕುಂಭೋಜ ಗ್ರಾಮದ ಜೈನ ಕೃಷಿಕ ಮನೆತನದಲ್ಲಿ 1887ರಲ್ಲಿ ಜನಿಸಿದ ಇವರು ಕೊಲ್ಲಾಪುರದ ಜೈನ ವಿದ್ಯಾರ್ಥಿನಿಲಯದಲ್ಲಿದ್ದು ವ್ಯಾಸಂಗ ಮಾಡುತ್ತಿದ್ದರು. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದ ಮೇಲೆ ಮೈಲಿಗೆಯ ಸ್ನಾನಕ್ಕೆ ಒಪ್ಪದೆ ಆ ಆಶ್ರಯವನ್ನೇ ಕಳೆದುಕೊಂಡರು. ಆ ನೋವು ಅವರಲ್ಲಿ ದ್ವೇಷವನ್ನಲ್ಲ, ಸಂಕಲ್ಪವನ್ನು ಬೆಳೆಸಿತು.

1919ರಲ್ಲಿ ಕಾಲೆ ಗ್ರಾಮದಲ್ಲಿ ಅವರು ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ತೆರೆದ ವಿದ್ಯಾರ್ಥಿನಿಲಯದಲ್ಲಿ ಸರ್ವಜಾತಿಯ ಮಕ್ಕಳೂ ಕೂಡಿ ಅಡಿಗೆ ಮಾಡಿ, ಒಂದೇ ಪಂಕ್ತಿಯಲ್ಲಿ ಉಂಡು, ದುಡಿಯುತ್ತಲೇ ಓದಿದರು. 1927ರಲ್ಲಿ ಗಾಂಧೀಜಿಯವರು ಆ ನಿಲಯಕ್ಕೆ ಶಾಹು ಮಹಾರಾಜರ ಹೆಸರನ್ನಿಟ್ಟರು.

ಸಂಪ್ರದಾಯಸ್ಥ ಮನೆತನದಲ್ಲಿ ಬೆಳೆದ ಪತ್ನಿ ಲಕ್ಷ್ಮೀಬಾಯಿಯವರು ಆ ಮಕ್ಕಳೆಲ್ಲರಿಗೂ ತಾಯಿಯಾದರು. ನಿಲಯದ ವೆಚ್ಚಕ್ಕಾಗಿ ಅವರ ಒಡವೆಗಳು ಒಂದೊಂದಾಗಿ ಹೋದವು. ಮನೆಯಲ್ಲಿ ಕಾಳು ತೀರಿದ ದಿನ ಕೊರಳ ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳಿಗೆ ಉಣಬಡಿಸಿದರು. 1930ರಲ್ಲಿ ಆ ಸಾಧ್ವಿ ಅಗಲಿದರು. ನಿಲಯದ ಒಲೆ ಆರಲಿಲ್ಲ.

ಹಳ್ಳಿಹಳ್ಳಿಗಳಲ್ಲಿ ಶಾಲೆಗಳು ತಲೆಯೆತ್ತಿದವು. 1947ರಲ್ಲಿ ಸಾತಾರೆಯಲ್ಲಿ ಶಿವಾಜಿ ಕಾಲೇಜು ಆರಂಭವಾಯಿತು. 1959ರಲ್ಲಿ ಭಾರತ ಸರಕಾರವು ಪದ್ಮಭೂಷಣ ಪ್ರಶಸ್ತಿಯಿತ್ತು ಗೌರವಿಸಿತು. ಅದೇ ವರ್ಷ ಮೇ 9ರಂದು ಭಾವುರಾವರು ದಿವಂಗತರಾದರು.

ಆಲದ ಮರವು ಅವರ ಸಂಸ್ಥೆಯ ಲಾಂಛನ. ತನ್ನಡಿ ಬಂದವರ ಕುಲವನ್ನು ಮರವು ಕೇಳದು. ದಾನವೂ ಹಾಗೆಯೇ ಇರಬೇಕೆಂಬುದನ್ನು ಈ ದಂಪತಿಗಳು ಬಾಳಿ ತೋರಿಸಿದರು.