ಡೆನ್ನಿಸ್ ರಿಚಿಯ 2 ಮತ್ತು 13

ಮೊನ್ನೆ ಲ್ಯಾಬ್‌ನಲ್ಲಿ ನಮ್ಮ ಸಿ ಪ್ರೋಗ್ರಾಂ ಫೈಲ್ ಇಲ್ಲ ಅಂತ ಹೇಳ್ತಾನೇ ಇತ್ತು. ಫೈಲ್ ಕಣ್ಣೆದುರಿಗೇ ಇತ್ತು, ಓದೋಕೆ ಪರ್ಮಿಷನ್ ಇರಲಿಲ್ಲ ಅಷ್ಟೆ. ತಪ್ಪು ನಮ್ಮದೇ. ಎಫ್‌ಓಪನ್ ನಲ್ ಕೊಟ್ಟ ಕೂಡಲೇ ಫೈಲ್ ಇಲ್ಲ ಅಂತ ಪ್ರಿಂಟ್ ಮಾಡಿದ್ವಿ, ಎರರ್‌ನೋ ನೋಡಲೇ ಇಲ್ಲ.

ಸಿ ಭಾಷೆ ಮಾಡಿದ ಡೆನ್ನಿಸ್ ರಿಚಿ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ. ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಓದಿ 1967ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಅಲ್ಲಿ ಕೆನ್ ಥಾಂಪ್ಸನ್ ಜೊತೆ ಯುನಿಕ್ಸ್ ಕಟ್ಟಿದರು. ಫೈಲ್ ತೆರೆಯೋಕೆ ಆಗದಿದ್ದರೆ ಯುನಿಕ್ಸ್ ಬಳಸೋರ ಹತ್ತಿರ ನೇರವಾಗಿ ಏನೂ ಹೇಳಲ್ಲ. ಓಪನ್ ಕರೆದ ಪ್ರೋಗ್ರಾಮಿಗೆ -1 ಸಿಗುತ್ತೆ, ಕಾರಣದ ನಂಬರ್ ಎರರ್‌ನೋದಲ್ಲಿ ಕೂತಿರುತ್ತೆ: 2 ಅಂದ್ರೆ ಅಂಥ ಫೈಲೇ ಇಲ್ಲ, 13 ಅಂದ್ರೆ ಅನುಮತಿ ಇಲ್ಲ. ಅದನ್ನು ಹೇಗೆ ಹೇಳಬೇಕು, ಹೇಳಬೇಕೋ ಬೇಡವೋ ಅನ್ನೋದು ಪ್ರೋಗ್ರಾಂ ಬರೆಯೋರಿಗೆ ಬಿಟ್ಟಿದ್ದು. ನಮ್ಮಂಥ ಸೋಮಾರಿಗಳ ಮೇಲೆ ಇದು ಸ್ವಲ್ಪ ಜಾಸ್ತೀನೇ ನಂಬಿಕೆ!

ಯಾರು ಯಾವ ಫೈಲ್ ಮುಟ್ಟಬಹುದು ಅನ್ನೋದರ ಬಗ್ಗೆಯೂ ಅವರು ಯೋಚಿಸಿದ್ದರು. ಸೆಟ್‌ಯುಐಡಿ ಪೇಟೆಂಟ್ ಅವರದ್ದೇ. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ ಬಂತು.

2011ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಮನೆಯಲ್ಲಿ ಒಬ್ಬರೇ ಇದ್ದಾಗ ತೀರಿಕೊಂಡರು. ಅದೇ ತಿಂಗಳು ಸ್ಟೀವ್ ಜಾಬ್ಸ್ ಕೂಡ ಹೋಗಿದ್ದರಿಂದ ರಿಚಿ ಸುದ್ದಿ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. ನಾವಾಗ ಯುಕೆಜಿ.

ಪ್ರೋಗ್ರಾಮಿಗೆ ಈಗ ಒಂದು ಸಾಲು ಪಿ‌ಎರರ್ ಸೇರಿಸಿದ್ದೀವಿ. 13 ಬಂದಾಗ ಅನುಮತಿ ಇಲ್ಲ ಅಂತಲೇ ಹೇಳ್ತಿದೆ.