ಗೊರೂರು ರಾಮಸ್ವಾಮಿ ಅಯ್ಯಂಗಾರ್

ಗೊರೂರು ರಾಮಸ್ವಾಮಿ ಅಯ್ಯಂಗಾರ್ (ಜುಲೈ 4, 1904 – ಸೆಪ್ಟೆಂಬರ್ 28, 1991) ಕನ್ನಡದ ಪ್ರಮುಖ ಪ್ರಬಂಧಕಾರರು, ಕಥೆಗಾರರು, ಕಾದಂಬರಿಕಾರರು, ಅನುವಾದಕರು ಹಾಗೂ ಸ್ವಾತಂತ್ರ್ಯ ಹೋರಾಟಗಾರರು. ಸಾಹಿತ್ಯ ವಲಯದಲ್ಲಿ ಅವರು ‘ಗೊರೂರು’ ಎಂದೇ ಪ್ರಸಿದ್ಧರು. ಹಾಸನ ಜಿಲ್ಲೆಯ ಹಳ್ಳಿಗಳ ಜನಜೀವನವನ್ನು ತಿಳಿಹಾಸ್ಯ ಬೆರೆತ ಗದ್ಯದಲ್ಲಿ ಚಿತ್ರಿಸಿದವರಲ್ಲಿ ಅವರು ಅಗ್ರಗಣ್ಯರು. ತಂದೆಯ ಆಸ್ತಿಯ ಜೊತೆಗೆ ತಂದೆ ಕಟ್ಟಿಕೊಂಡ ಹಗೆಯನ್ನೂ ಹೊರಬೇಕಾದ ಯುವಕನೊಬ್ಬನನ್ನು ಕುರಿತ ಅವರ ಕಥೆ, ‘ಭೂತಯ್ಯನ ಮಗ ಅಯ್ಯು’ ಚಲನಚಿತ್ರದ ಮೂಲಕ ನಾಡಿನ ಮನೆಮಾತಾಯಿತು.

ಜನನ ಮತ್ತು ಬಾಲ್ಯ

ರಾಮಸ್ವಾಮಿ ಅಯ್ಯಂಗಾರ್ ಅವರು ಹಾಸನ ಜಿಲ್ಲೆಯ ಗೊರೂರಿನಲ್ಲಿ ಜನಿಸಿದರು. ತಂದೆ ಶ್ರೀನಿವಾಸ ಅಯ್ಯಂಗಾರ್, ತಾಯಿ ಲಕ್ಷ್ಮಮ್ಮ. ಗೊರೂರು ಹೇಮಾವತಿ ನದಿಯ ದಡದಲ್ಲಿರುವ ಗ್ರಾಮ. ಇಲ್ಲಿ ಯೋಗಾನರಸಿಂಹಸ್ವಾಮಿಯ ಪುರಾತನ ದೇವಾಲಯವಿದೆ. ಮೂಡಿಗೆರೆ ಸೀಮೆಯ ಬೆಟ್ಟಗಳಲ್ಲಿ ಹುಟ್ಟುವ ಹೇಮಾವತಿಯು ಸಕಲೇಶಪುರವನ್ನು ದಾಟಿ ಗೊರೂರಿಗೆ ಬಂದು, ಮುಂದೆ ಹೊಳೆನರಸೀಪುರದ ಮೂಲಕ ಹರಿದು ಕಾವೇರಿಯನ್ನು ಸೇರುತ್ತದೆ. ಈ ಹೊಳೆ, ದಡದ ಗದ್ದೆಗಳು, ಅಗ್ರಹಾರ ಮತ್ತು ಒಕ್ಕಲಗೇರಿಗಳ ನಡುವಣ ಒಡನಾಟ ಮುಂದೆ ಅವರ ಬರವಣಿಗೆಯ ಮುಖ್ಯ ವಸ್ತುಗಳಾದವು.

ವಿದ್ಯಾಭ್ಯಾಸದ ತ್ಯಾಗ

ಅವರ ಆರಂಭದ ಶಿಕ್ಷಣ ಗೊರೂರು ಹಾಗೂ ಹಾಸನಗಳಲ್ಲಿ ನಡೆಯಿತು. 1920ರಿಂದ 1922ರವರೆಗೆ ದೇಶದಾದ್ಯಂತ ಹಬ್ಬಿದ ಅಸಹಕಾರ ಚಳವಳಿಯ ಕಾಲದಲ್ಲಿ ಗಾಂಧೀಜಿಯವರು ಸರ್ಕಾರಿ ಶಾಲೆಗಳನ್ನು ಬಹಿಷ್ಕರಿಸುವಂತೆ ವಿದ್ಯಾರ್ಥಿಗಳಿಗೆ ಕರೆ ನೀಡಿದ್ದರು. ಆಗ ಗೊರೂರರಿಗಿನ್ನೂ ಹದಿಹರೆಯ. ಕರೆಗೆ ಓಗೊಟ್ಟ ಅವರು ಪ್ರೌಢಶಾಲೆಯ ಓದನ್ನು ಅರ್ಧಕ್ಕೇ ಬಿಟ್ಟು ಚಳವಳಿಗೆ ಧುಮುಕಿದರು. ಶಾಲೆಯನ್ನು ಬಿಡುವುದೆಂದರೆ ಸರ್ಕಾರಿ ನೌಕರಿಯ ಭರವಸೆಯನ್ನೂ ಬಿಡುವುದೇ ಆಗಿದ್ದ ಕಾಲವದು. ಆ ವಯಸ್ಸಿನಲ್ಲಿ ಕೈಗೊಂಡ ಈ ನಿರ್ಧಾರ ಅವರ ಮುಂದಿನ ಬದುಕಿನ ದಿಕ್ಕನ್ನು ಗೊತ್ತುಮಾಡಿತು.

ಅನಂತರ ಅವರು ಅಹಮದಾಬಾದಿಗೆ ತೆರಳಿ, 1920ರಲ್ಲಿ ಗಾಂಧೀಜಿಯವರು ಸ್ಥಾಪಿಸಿದ್ದ ಗುಜರಾತ್ ವಿದ್ಯಾಪೀಠದಲ್ಲಿ ಅಧ್ಯಯನ ಮಾಡಿದರು. ಮೈಸೂರು ಸಂಸ್ಥಾನಕ್ಕೆ ಮರಳಿದ ಮೇಲೆ ಕೆಂಗೇರಿಯ ಗುರುಕುಲಾಶ್ರಮದೊಂದಿಗೆ ಸಂಬಂಧ ಹೊಂದಿ, ಖಾದಿ ಪ್ರಚಾರ ಹಾಗೂ ಗ್ರಾಮಸೇವೆಯಲ್ಲಿ ತೊಡಗಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭಾಗವಹಿಸಿ ಸೆರೆವಾಸವನ್ನೂ ಅನುಭವಿಸಿದರು. ಸ್ವಾತಂತ್ರ್ಯಾನಂತರ ಮೈಸೂರು ವಿಧಾನ ಪರಿಷತ್ತಿನ ಸದಸ್ಯರಾಗಿದ್ದರು.

ಸಾಹಿತ್ಯ ಕೃಷಿ

1930ರ ದಶಕದಿಂದ ಪ್ರಕಟವಾಗತೊಡಗಿದ ‘ಹಳ್ಳಿಯ ಚಿತ್ರಗಳು’, ‘ಗರುಡಗಂಬದ ದಾಸಯ್ಯ’, ‘ನಮ್ಮ ಊರಿನ ರಸಿಕರು’ ಮೊದಲಾದ ಕೃತಿಗಳು ಗೊರೂರರಿಗೆ ಹೆಸರು ತಂದುಕೊಟ್ಟವು. ಪ್ರಬಂಧ, ಕಥೆ ಮತ್ತು ವ್ಯಕ್ತಿಚಿತ್ರ ಈ ಮೂರರ ಗುಣಗಳೂ ಇವುಗಳಲ್ಲಿ ಕೂಡಿಕೊಂಡಿವೆ. ಊರಿನವರ ಜಗಳ, ಜಿಪುಣತನ, ಹುಸಿ ಪ್ರತಿಷ್ಠೆಗಳನ್ನು ಕಂಡು ಅವರು ನಗುತ್ತಾರೆ. ಆದರೆ ಆ ನಗೆಯಲ್ಲಿ ತಿರಸ್ಕಾರವಿಲ್ಲ. ತಾವೂ ಆ ಊರಿನವರಲ್ಲೊಬ್ಬರು ಎಂಬ ಭಾವ ಬರವಣಿಗೆಯುದ್ದಕ್ಕೂ ಕಾಣುತ್ತದೆ. ಪೇಟೆಯ ಓದುಗರಿಗೆ ಹಳ್ಳಿಯನ್ನು ಪರಿಚಯಿಸುವುದರ ಜೊತೆಗೆ, ಹಳ್ಳಿಯನ್ನು ಬಿಟ್ಟುಬಂದವರಿಗೆ ತಮ್ಮ ಬಾಲ್ಯವನ್ನೂ ಈ ಕೃತಿಗಳು ನೆನಪಿಸಿದವು.

‘ಹೇಮಾವತಿ’ ಮತ್ತು ‘ಮೆರವಣಿಗೆ’ ಅವರ ಕಾದಂಬರಿಗಳು. ಗಾಂಧೀಜಿಯವರ ಆತ್ಮಕಥೆಯನ್ನು ಅವರು ಕನ್ನಡಕ್ಕೆ ತಂದಿದ್ದಾರೆ. ಶಾಲೆ ತೊರೆಯಲು ತಮಗೆ ಪ್ರೇರಣೆಯಾದವರ ಬದುಕಿನ ಕಥೆಯನ್ನು ಹೀಗೆ ಅವರೇ ಕನ್ನಡದ ಓದುಗರಿಗೆ ಒದಗಿಸಿದರು.

ಭೂತಯ್ಯನ ಮಗ ಅಯ್ಯು

ತಂದೆಯನ್ನು ಕಳೆದುಕೊಂಡ ಮಗನು ತಾನು ಯಾರೆಂಬುದನ್ನು ಕಂಡುಕೊಳ್ಳುವ ವಸ್ತುವನ್ನು ಗೊರೂರರ ಈ ಕಥೆ ಹಳ್ಳಿಯ ಹಿನ್ನೆಲೆಯಲ್ಲಿ ನಿರೂಪಿಸುತ್ತದೆ. ಭೂತಯ್ಯ ಸಾಲ ಕೊಟ್ಟು, ಬಡವರ ಜಮೀನನ್ನು ಕಸಿದು, ಊರನ್ನೇ ಹೆದರಿಕೆಯಲ್ಲಿ ಇಟ್ಟವನು. ಅವನ ಸಾವಿನೊಂದಿಗೆ ಊರಿನ ಸಿಟ್ಟು ತೀರುವುದಿಲ್ಲ; ಅದು ಮಗ ಅಯ್ಯುವಿನ ಕಡೆಗೆ ತಿರುಗುತ್ತದೆ. ಅಯ್ಯುವಿಗೆ ತನ್ನದೇ ಆದ ಹೆಸರಿದ್ದರೂ ಊರಿನವರ ಪಾಲಿಗೆ ಅವನು ಭೂತಯ್ಯನ ಮಗ ಮಾತ್ರ. ತಂದೆಯ ಹಾದಿಯನ್ನೇ ಹಿಡಿಯುವುದೋ, ಬಿಡುವುದೋ ಎಂಬುದೇ ಅವನ ಮುಂದಿರುವ ಪ್ರಶ್ನೆ.

1974ರಲ್ಲಿ ಸಿದ್ಧಲಿಂಗಯ್ಯನವರು ಈ ಕಥೆಯನ್ನು ಆಧರಿಸಿ ಅದೇ ಹೆಸರಿನ ಚಲನಚಿತ್ರವನ್ನು ನಿರ್ದೇಶಿಸಿದರು. ಎಂ. ಪಿ. ಶಂಕರ್ ಭೂತಯ್ಯನಾಗಿ, ಲೋಕೇಶ್ ಅಯ್ಯುವಾಗಿ, ವಿಷ್ಣುವರ್ಧನ್ ಗುಳ್ಳನಾಗಿ ಅಭಿನಯಿಸಿದರು. ಚಿಕ್ಕಮಗಳೂರು ಸಮೀಪದ ಕಳಸಾಪುರದಲ್ಲಿ ಇದರ ಚಿತ್ರೀಕರಣ ನಡೆಯಿತು. ಚಿತ್ರದಲ್ಲಿ ಹಿಂದಿನ ತಲೆಮಾರಿನ ವೈರವನ್ನು ಅಯ್ಯು ಮತ್ತು ಗುಳ್ಳ ಮುಂದುವರಿಸುತ್ತಾರೆ. ದ್ವೇಷದಿಂದ ಇಬ್ಬರ ಬದುಕೂ ಹಾಳಾಗುವ ಹಂತಕ್ಕೆ ಬಂದ ಮೇಲೆ ಹಗೆ ಕರಗಿ ಸ್ನೇಹಕ್ಕೆ ದಾರಿಯಾಗುತ್ತದೆ. ಕನ್ನಡದ ಶ್ರೇಷ್ಠ ಗ್ರಾಮೀಣ ಚಿತ್ರಗಳ ಸಾಲಿನಲ್ಲಿ ಇದಕ್ಕೆ ಸ್ಥಾನವಿದೆ.

ಹೇಮಾವತಿ ಜಲಾಶಯ

ಗೊರೂರರ ಜೀವಿತಕಾಲದಲ್ಲಿಯೇ ಅವರ ಊರಿನ ಬಳಿ ಹೇಮಾವತಿಗೆ ಅಣೆಕಟ್ಟು ನಿರ್ಮಾಣವಾಯಿತು. 1979ರಲ್ಲಿ ಪೂರ್ಣಗೊಂಡ ಈ ಜಲಾಶಯದ ನಾಲೆಗಳು ಚನ್ನರಾಯಪಟ್ಟಣ ಮುಂತಾದ ತಾಲ್ಲೂಕುಗಳ ಹೊಲಗಳಿಗೆ ನೀರುಣಿಸುತ್ತವೆ. ಆದರೆ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿ, ಅಲ್ಲಿನ ಕುಟುಂಬಗಳು ನೆಲೆ ಬದಲಿಸಬೇಕಾಯಿತು. ಮಳೆಗಾಲದಲ್ಲಿ ಅರ್ಧ ಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಅವಶೇಷ ಇಂದಿಗೂ ಅದನ್ನು ನೆನಪಿಸುತ್ತದೆ. ಅಣೆಕಟ್ಟಿಗೆ ಮುಂಚಿನ ಹೇಮಾವತಿ ದಂಡೆಯ ಬದುಕನ್ನು ಅರಿಯಬಯಸುವವರಿಗೆ ಗೊರೂರರ ಕೃತಿಗಳು ಈಗ ಸಾಹಿತ್ಯವೂ ಹೌದು, ದಾಖಲೆಯೂ ಹೌದು.

ಗೌರವಗಳು

ಇಳಿವಯಸ್ಸಿನಲ್ಲಿ ಕೈಗೊಂಡ ಅಮೆರಿಕ ಪ್ರವಾಸದ ಅನುಭವಗಳನ್ನು ಗೊರೂರರು ‘ಅಮೆರಿಕದಲ್ಲಿ ಗೊರೂರು’ ಎಂಬ ಕೃತಿಯಲ್ಲಿ ನಿರೂಪಿಸಿದ್ದಾರೆ. ಹಳ್ಳಿಗನ ಕುತೂಹಲದಿಂದ ಪರದೇಶವನ್ನು ನೋಡಿದ ಈ ಪ್ರವಾಸಕಥನಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. 1982ರಲ್ಲಿ ಶಿರಸಿಯಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯನ್ನು ಅವರು ವಹಿಸಿದ್ದರು.

ನಿಧನ ಮತ್ತು ಸ್ಥಾನ

ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರು 1991ರ ಸೆಪ್ಟೆಂಬರ್ 28ರಂದು ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ಅರಕಲಗೂಡು ಮನೆತನದ ಅ. ನ. ಕೃಷ್ಣರಾಯರು, ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್. ಎಲ್. ಭೈರಪ್ಪ ಅವರೊಂದಿಗೆ ಹಾಸನ ಸೀಮೆಯನ್ನು ಕನ್ನಡ ಗದ್ಯದಲ್ಲಿ ಗುರುತಿಸುವಂತೆ ಮಾಡಿದವರಲ್ಲಿ ಗೊರೂರರೂ ಒಬ್ಬರು. ಭೈರಪ್ಪನವರ ‘ಗೃಹಭಂಗ’ವು ಇದೇ ಸೀಮೆಯ ಹಳ್ಳಿಯ ಬಡತನ ಮತ್ತು ಸಾವುನೋವುಗಳನ್ನು ಕಠೋರವಾಗಿ ಚಿತ್ರಿಸಿದರೆ, ಗೊರೂರರು ಅಂಥದೇ ಬದುಕನ್ನು ಬಹುಪಾಲು ನಗೆಯ ಮೂಲಕ ಕಂಡರು. ಹುಟ್ಟಿನಿಂದ ಬಂದ ಹಗೆಯನ್ನು ಮನುಷ್ಯ ಬಿಡಬಲ್ಲ ಎಂಬ ಅವರ ನಂಬಿಕೆಗೆ ಅಯ್ಯುವಿನ ಕಥೆ ನಿದರ್ಶನವಾಗಿದೆ.